ಅಲಿಫ್‌ಗೊಂದು ತಲೆಕಟ್ಟು

ಹೋದ ತಿಂಗಳು ಹೀನಾ ನಾನು ಬರೆದ ಬಿಸ್ಮಿಲ್ಲಾದ ಫೋಟೋ ಮೇಲೆ ಕೆಂಪು ಸುತ್ತುಗಳನ್ನು ಹಾಕಿ ವಾಪಸು ಕಳಿಸಿದಳು. ಹೀನಾ ನನಗೆ ಅರಬ್ಬಿ ಕ್ಯಾಲಿಗ್ರಫಿ ಕಲಿಸುವ ಟೀಚರ್. ವಯಸ್ಸಿನಲ್ಲಿ ನನ್ನ ಮೊಮ್ಮಗಳಾಗಬೇಕಾದವಳು. ದೂರದ ಯಾವುದೋ ಊರಿನಿಂದ ಶನಿವಾರ ಬೆಳಿಗ್ಗೆ ಫೋನಿನೊಳಗೆ ಬಂದು ಕೂರುತ್ತಾಳೆ. ನಾನು ಸೊರಬದ ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ, ನಮಾಜಿಗೆ ಮುಂಚೆ ಮಾಡುವ ಹಾಗೆ ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡು ಬಂದು ಕನ್ನಡಕ ಒರೆಸಿಕೊಳ್ಳುತ್ತೇನೆ. ಈಗಿನವರ ಕ್ಯಾಲಿಗ್ರಫಿ ನಮ್ಮ ಕಾಲದ ಹಾಗೆ ಬಿಳಿ ಹಾಳೆ, ಕಪ್ಪು ಮಸಿ ಅಲ್ಲ. ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣ ಸುರಿದು, ಚಾಕುವಿನಿಂದ ಎಳೆದು, ಒರೆಸಿ, ಅದರ ಮೇಲೆ ಅಲ್ಲಾಹನ ಹೆಸರನ್ನು ಅಲೆ ಎದ್ದ ಹಾಗೆ, ಹಕ್ಕಿ ಹಾರಿದ ಹಾಗೆ ಬರೆಯುತ್ತಾರೆ. ನಾನು ಹಿನ್ನೆಲೆಗೆ ಅಂಜನಾಪುರದ ಡ್ಯಾಮಿನ ನೀರಿನ ಬಣ್ಣ ಹಾಕಿದ್ದೆ, ಬೆಳಗಿನ ಹೊತ್ತಿನ ಆ ಬೂದಿ ಬೆರೆತ ಹಸಿರು. ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ನಮ್ಮ ಮಸೀದಿಯಲ್ಲಿ ಹೆಂಗಸರ ನಮಾಜಿಗೆಂದು ಹೊಸದಾಗಿ ಕಟ್ಟಿದ ಕೋಣೆಗೆ ಒಂದು ಕ್ಯಾನ್ವಾಸ್ ಮಾಡಿಕೊಡಿ ಎಂದು ಕೇಳಿದ್ದರು, ಅದಕ್ಕಾಗಿ. ಹೀನಾ ಬಣ್ಣಕ್ಕೆ ಫುಲ್ ಮಾರ್ಕ್ಸ್ ಕೊಟ್ಟಳು. ಅಕ್ಷರಕ್ಕೆ ಬಂದಾಗ ಮಾತ್ರ, ನೆಟ್ಟಗೆ ನಿಲ್ಲುವ ಒಂದೊಂದು ಅಲಿಫ್, ಒಂದೊಂದು ಲಾಮ್‌ನ ನೆತ್ತಿಗೂ ಕೆಂಪು ಸುತ್ತು.

“ಆಂಟಿ, ಬ್ಯಾಕ್‌ಗ್ರೌಂಡ್ ನಿಮ್ಮಿಷ್ಟ. ಅಕ್ಷರ ಮಾತ್ರ ನಮ್ಮಿಷ್ಟ ಅಲ್ಲ. ತಲೆ ಮೇಲಿರೋ ಈ ಟಿಕ್ ಯಾವ ಸ್ಕೂಲಿಂದು?”

“ಶಿಕಾರಿಪುರ ಸ್ಕೂಲಮ್ಮ.”

ಪಾಪ, ಅವಳು ಅದನ್ನು ಬರೆದುಕೊಂಡಳು. ಎರಡು ದಿನ ಹುಡುಕಿದಳಂತೆ, ಎಲ್ಲೂ ಸಿಗಲಿಲ್ಲವಂತೆ.

ಸಿಗುವುದು ಹೇಗೆ? ಆ ಸ್ಕೂಲು ಇದ್ದದ್ದು ನಮ್ಮ ಮನೆಯ ಜಗಲಿಯ ಮೇಲೆ. ನನ್ನ ಅಬ್ಬಾ ಬೋರ್ಡ್ ಬರೆಯುವ ಪೇಂಟರ್. ಶಿಕಾರಿಪುರದ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಗಿರಣಿ, ಲಾರಿಯ ಹಣೆ, ಎಲ್ಲದರ ಮೇಲೂ ಅವರ ಕೈ ಇತ್ತು. ನಮ್ಮದು ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ನಡುವೆ ಬಾಗಿಲಿಲ್ಲದ ಚೌಕಟ್ಟಿಗೆ ಹೂವಿನ ಚಿತ್ರದ ಒಂದು ಪರದೆ, ಇಷ್ಟೇ ಮನೆ. ಜಗಲಿ ಅಬ್ಬಾನ ವರ್ಕ್‌ಶಾಪ್ ಆದ್ದರಿಂದ ಒಳಗೆ ಬರುವವರೆಲ್ಲ ಒಣಗಲು ಇಟ್ಟ ಬೋರ್ಡುಗಳನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಸರಿದು ನಡೆಯಬೇಕಿತ್ತು. ನಾನು ಈಗಲೂ ಹಾಗೇ ಸ್ವಲ್ಪ ಓರೆಯಾಗಿ ನಡೆಯುತ್ತೇನೆ ಎಂದು ನನ್ನ ಹಸ್ಬೆಂಡ್ ರೇಗಿಸುತ್ತಿರುತ್ತಾರೆ. ಮನೆಗೆಲ್ಲ ಟರ್ಪೆಂಟೈನ್ ವಾಸನೆ. ಡ್ಯಾಮಿನ ಮೀನು ತಂದು ಹುಣಸೆಹುಳಿ ಹಾಕಿ ಸಾರು ಮಾಡಿದರೂ ಮೊದಲ ತುತ್ತಿನಲ್ಲಿ ಟರ್ಪೆಂಟೈನ್, ಎರಡನೆಯದರಲ್ಲಿ ಮೀನು. ಇದರ ಮೇಲೆ ದಾದಿಗೂ, ಅಂದರೆ ಅಬ್ಬಾನ ತಾಯಿಗೂ, ನಮ್ಮ ಅಮ್ಮಿಗೂ ವಾರಕ್ಕೊಮ್ಮೆ ಜಗಳ. ಮನೆಯೊಳಗಿನ ಮಾತು ದಖನಿ ಉರ್ದು, ಜಗಲಿಯದು ಕನ್ನಡ. ಅಮ್ಮಿ ಮಾತ್ರ ಆನವಟ್ಟಿ ಕಡೆಯವಳು. ಅಕ್ಕಪಕ್ಕದ ಲಿಂಗಾಯತರ ಮನೆಗಳಲ್ಲೇ ಆಡಿ ಬೆಳೆದವಳು. ಹಾಗಾಗಿ ಪ್ರೀತಿಯನ್ನು ದಖನಿಯಲ್ಲಿ ಮಾಡಿ ಜಗಳವನ್ನು ಕನ್ನಡದಲ್ಲಿ ಆಡುತ್ತಿದ್ದಳು. ದಾದಿಗೆ ಜೋರು ಕನ್ನಡ ಪೂರ್ತಿ ಹತ್ತುತ್ತಿರಲಿಲ್ಲ. ಅಮ್ಮಿ ಮುಗಿಸುವ ತನಕ ಕಾದು, ನನ್ನನ್ನು ಕರೆದು, “ಏನಂದಳು?” ಎಂದು ಕೇಳುತ್ತಿದ್ದರು. ನಾನು ಅರ್ಧ ಬಿಟ್ಟು ಹೇಳುತ್ತಿದ್ದೆ. ಮನೆಯ ಶಾಂತಿ ನಡೆದದ್ದೇ ಆ ಟ್ರಾನ್ಸ್‌ಲೇಷನ್ನಿನ ಮೇಲೆ.

ಅಬ್ಬಾ ಕೆಲಸ ಮಾಡುವುದನ್ನು ನೋಡುವುದೇ ನನ್ನ ಬಾಲ್ಯದ ದೊಡ್ಡ ಎಂಟರ್‌ಟೇನ್‌ಮೆಂಟ್. ನೀಲಿಪುಡಿ ಹಚ್ಚಿದ ದಾರದ ಒಂದು ತುದಿ ನನ್ನ ಕೈಗೆ, ಇನ್ನೊಂದು ಅವರ ಕೈಗೆ. ಬಿಗಿಯಾಗಿ ಎಳೆದು ನಡುವೆ ಮೀಟಿದರೆ ಬೋರ್ಡಿನ ಮೇಲೆ ನೆಟ್ಟಗೆ ಒಂದು ಗೆರೆ. ಆಮೇಲೆ ಅಕ್ಷರ. ಆದರೆ ಅಬ್ಬಾ ನಮ್ಮ ಹಾಗೆ ಒಂದಾದ ಮೇಲೊಂದು ಅಕ್ಷರ ಮುಗಿಸಿಕೊಂಡು ಹೋಗುತ್ತಿರಲಿಲ್ಲ. ಮೊದಲು ಎಲ್ಲ ಅಕ್ಷರಗಳ ಮೈ ಮಾತ್ರ. ಕ, ತ, ನ, ಎಲ್ಲವೂ ತಲೆ ಬೋಳಿಸಿಕೊಂಡವರ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಪೂರ್ತಿ ಬೋರ್ಡು ಹಾಗೆ ಆದ ಮೇಲೆ ಅಬ್ಬಾ ಬೀಡಿ ಸೇದಿ, ಕೈ ತೊಳೆದು, ಸಣ್ಣ ಬ್ರಷ್ ತೆಗೆದುಕೊಂಡು ಎಡದಿಂದ ಹೊರಟರೆ, ಮಣಿಕಟ್ಟನ್ನು ಒಂದೇ ಸಲ ಝಾಡಿಸಿ ಮೇಲಕ್ಕೆತ್ತಿ ತಲೆಕಟ್ಟು, ತಲೆಕಟ್ಟು, ತಲೆಕಟ್ಟು. ಎಲ್ಲಾ ಒಂದೇ ಉಸಿರಿಗೆ. ಅದೇ ಅವರ ಸಹಿ. ಬೇರೆ ಪೇಂಟರುಗಳ ತಲೆಕಟ್ಟು ಮಲಗಿರುತ್ತಿತ್ತು, ಅಬ್ಬಾನದು ಮೇಲಕ್ಕೆ ಚಿಮ್ಮುತ್ತಿತ್ತು. ದೇವರ ಹೆಸರಿರುವ ಬೋರ್ಡಾದರೆ, ಯಾರ ದೇವರೇ ಆಗಲಿ, ಅಂಗಡಿಯವರ ಹತ್ತಿರ ಒಂದು ಚೊಂಬು ನೀರು ಕೇಳಿ ಮೊಣಕೈವರೆಗೆ ತೊಳೆದುಕೊಂಡೇ ಬ್ರಷ್ ಮುಟ್ಟುತ್ತಿದ್ದರು. ಬೋರ್ಡಿನ ಕೆಳಗಡೆ ಸಣ್ಣದಾಗಿ ‘ಮಾಲೀಕರು’ ಎಂದು ಬರೆದು ಹೆಸರು ಹಾಕುವುದು ಕೊನೆಯ ಕೆಲಸ.

ನನಗೆ ಮೊದಲು ಅಕ್ಷರಾಭ್ಯಾಸ ಮಾಡಿಸಿದವರೂ ಅವರೇ. ನಮ್ಮಲ್ಲಿ ಮಕ್ಕಳಿಗೆ ನಾಲ್ಕು ತುಂಬಿದ ಮೇಲೆ ‘ಬಿಸ್ಮಿಲ್ಲಾ’ ಮಾಡಿಸುವ ಪದ್ಧತಿ. ಹೊಸ ಬಟ್ಟೆ, ಹೂವಿನ ಹಾರ, ಬೂಂದಿ ಲಾಡು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಕೇಸರಿ ನೀರಿನಲ್ಲಿ ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ ಎಂದು ಬರೆದು, ಮಗುವಿನ ಬಾಯಲ್ಲಿ ಹೇಳಿಸಿ, ಆ ಬರಹವನ್ನು ಗುಲಾಬಿ ನೀರಿನಲ್ಲಿ ತೊಳೆದು ಕುಡಿಸುತ್ತಾರೆ. ಬೇರೆ ಮನೆಗಳಲ್ಲಿ ಮಸೀದಿಯ ಹಜ್ರತರನ್ನು ಕರೆಸಿ ಬರೆಸುತ್ತಾರೆ. ನಮ್ಮ ಮನೆಯಲ್ಲೇ ಬರೆಯುವವರಿರುವಾಗ ಹೊರಗಿನವರೇಕೆ ಎಂದು ದಾದಿ ಅಬ್ಬಾನ ಕೈಯಲ್ಲೇ ಬರೆಸಿದರು. ಅರಬ್ಬಿ ಓದಲು ಅಬ್ಬಾ ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತಿದ್ದರು. ಬರೆಯಲು ಕಲಿತದ್ದು ಬೊಂಬಾಯಿಯಿಂದ ಬಂದ ಒಂದು ಮಾಸಿದ ಕ್ಯಾಲೆಂಡರ್ ನೋಡಿ. ನನಗೆ ತಟ್ಟೆಯ ನೆನಪಿಲ್ಲ. ರುಚಿಯ ನೆನಪಿದೆ. ಸ್ವಲ್ಪ ಕಹಿ, ಆಮೇಲೆ ಹೂವು.

ಏಳು ತುಂಬಿದ ಮೇಲೆ ನನ್ನನ್ನು ಶಿವಮೊಗ್ಗೆಯ ಕಾನ್ವೆಂಟಿಗೆ, ಸಿಸ್ಟರುಗಳ ಹಾಸ್ಟೆಲಿಗೆ ಹಾಕಿದರು. ದಾದಿ ಅತ್ತರು, ಅಮ್ಮಿ ಅಳಲಿಲ್ಲ; ಈ ಹಠ ಅಮ್ಮಿಯದೇ. ಅಲ್ಲಿ ನಮಗೆ ಹ್ಯಾಂಡ್‌ರೈಟಿಂಗ್ ಕಲಿಸಿದ ಸಿಸ್ಟರ್ ಕರ್ಸಿವ್ ವಿಷಯದಲ್ಲಿ ಮಹಾ ಸ್ಟ್ರಿಕ್ಟ್. ಪದ ಮುಗಿಯುವ ತನಕ ಪೆನ್ಸಿಲ್ ಎತ್ತಕೂಡದು, ಐ ಮೇಲಿನ ಚುಕ್ಕೆ, ಟಿ ಮೇಲಿನ ಗೀಟು ಎಲ್ಲಾ ಆಮೇಲೆ. ರಜೆಯಲ್ಲಿ ಬಂದು ಅಬ್ಬಾಗೆ ಬರೆದು ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ನನ್ನ ನಾಲ್ಕು ಗೆರೆಯ ಕಾಪಿಯನ್ನು ಬೆಳಕಿಗೆ ಹಿಡಿದು ಹೇಳಿದರು:

“ನೋಡು, ಇಂಗ್ಲೀಷಿನೋರೂ ನಮ್ಮ ಹಂಗೇ. ಮೈ ಮೊದ್ಲು, ತಲೆ ಆಮೇಲೆ.”

ಜಗತ್ತಿನ ಎಲ್ಲ ಅಕ್ಷರಗಳೂ ಹೀಗೇ ಇರುತ್ತವೆ ಎಂದು ನಾವಿಬ್ಬರೂ ಆವತ್ತು ತೀರ್ಮಾನಿಸಿಬಿಟ್ಟೆವು.

ಅದರ ಮುಂದಿನ ವರ್ಷದ ದೊಡ್ಡ ರಜೆಯಲ್ಲಿ ನಮ್ಮ ಬೀದಿಯ ಸಣ್ಣ ಮಸೀದಿಯನ್ನು ಕೆಡವಿ ಕಟ್ಟಿ, ಗಾರೆ ಮುಗಿಸಿ, ಸುಣ್ಣ ಹೊಡೆದಿದ್ದರು. ಇಮಾಮರು ನಿಲ್ಲುವ ಗೂಡಿನ ಮೇಲಿನ ಕಮಾನು ಖಾಲಿ ಇತ್ತು. ಮುತವಲ್ಲಿ ಖಾದರ್ ಸಾಹೇಬರಿಗೆ, ಅಂದರೆ ಮಸೀದಿಯ ಉಸ್ತುವಾರಿ ನೋಡುವ ಅಕ್ಕಿ ವ್ಯಾಪಾರಿಗೆ, ಹೈದರಾಬಾದಿನಿಂದ ಬರಹವಿರುವ ಟೈಲ್ಸ್ ತರಿಸುವ ಆಸೆ. ಅಬ್ಬಾಗೆ ಅಲ್ಲಿ ತಾವೇ ಬರೆಯುವ ಆಸೆ. ಎಂದೂ ಏನನ್ನೂ ಕೇಳದ ಮನುಷ್ಯ, ಹೋಗಿ ಕೇಳಿದರು. ಖಾದರ್ ಸಾಹೇಬರು ಇಲ್ಲ ಎನ್ನಲಿಲ್ಲ. ವ್ಯಾಪಾರಸ್ಥರ ಹಾಗೆ, ಸ್ಯಾಂಪಲ್ ತೋರಿಸಿ ಎಂದರು. ಶುಕ್ರವಾರದ ನಮಾಜ್ ಮುಗಿಸಿ ಇಮಾಮರ ಜೊತೆ ಮನೆಗೆ ಬಂದು ನೋಡುವುದು, ಒಪ್ಪಿಗೆಯಾದರೆ ಕಮಾನು ಅಬ್ಬಾನದು, ಇಲ್ಲದಿದ್ದರೆ ಟೈಲ್ಸಿಗೆ ಆರ್ಡರ್. ಅವತ್ತು ಅಬ್ಬಾ ರೊಟ್ಟಿ ಮುರಿಯುತ್ತಾ ಅಮ್ಮಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ.

“ಊರಾಗಿನ ಎಲ್ಲಾ ಅಂಗಡಿ ಮ್ಯಾಲೂ ಮಾಲೀಕರ ಹೆಸರು ಬರ್ದೀನಿ. ನನ್ನ ಮಾಲೀಕಂದು ಅವನ ಮನ್ಯಾಗೆ ಒಂದ್ಸಲ ಬರೀಬೇಕು.”

ಮಸೀದಿಯದು ಗಾರೆಯ ಗೋಡೆ, ಸ್ಯಾಂಪಲ್ಲೂ ಗಾರೆಯ ಮೇಲೇ ಇರಬೇಕು ಎಂದು ಅಬ್ಬಾ ಮುಂದಿನ ಕೋಣೆಯ ಪಶ್ಚಿಮದ ಗೋಡೆ ಹಿಡಿದರು. ಆ ವಾರ ನಮ್ಮ ಮನೆ ಮನೆಯಾಗಿರಲಿಲ್ಲ. ಒಗ್ಗರಣೆಯ ಜಿಡ್ಡು ಗೋಡೆಗೆ ಕೂರುತ್ತದೆಂದು ಒಗ್ಗರಣೆ ಬಂದ್. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಒಣ ರೊಟ್ಟಿ, ಶೇಂಗಾ ಚಟ್ನಿ. ದಾದಿ ಗೋಡೆಯ ಎದುರು ಚಾಪೆ ಹಾಸಿ ತಸ್ಬೀ ಮಣಿಸರ ಹಿಡಿದು ಕೂತು, ಅಬ್ಬಾ ಬ್ರಷ್ ಎತ್ತಿದಾಗಲೆಲ್ಲ ದುವಾ ಓದಿ ಗೋಡೆಯ ಕಡೆ ಊದುತ್ತಿದ್ದರು. ಹಸಿ ಬಣ್ಣಕ್ಕೆ ಧೂಳು ಹಾರುತ್ತದೆ ಎಂದು ಅಬ್ಬಾ, ದುವಾಕ್ಕೆ ಧೂಳು ಹಾರುವುದಿಲ್ಲ ಎಂದು ದಾದಿ. ಕಡುಹಸಿರು ಬಣ್ಣದಲ್ಲಿ ಬಿಸ್ಮಿಲ್ಲಾ ಬಲದಿಂದ ಎಡಕ್ಕೆ ಬೆಳೆಯಿತು. ಸೀನ್ ಅಕ್ಷರವನ್ನು ಅವರು ಉದ್ದಕ್ಕೆ ಎಳೆದದ್ದು ಎಷ್ಟು ಚೆಂದವಿತ್ತೆಂದರೆ, ನೀರಿನ ಮೇಲೆ ಗಾಳಿ ಹೋದ ಹಾಗೆ. ಶುಕ್ರವಾರ ಬೆಳಿಗ್ಗೆ ಎಲ್ಲವೂ ಮುಗಿಯಿತು. ಅಬ್ಬಾ ಹಿಂದೆ ಸರಿದು ನೋಡಿದರು. ಕಣ್ಣು ಒದ್ದೆ, ಮುಖದ ತುಂಬಾ ನಗು. ಆ ಖುಷಿಯಲ್ಲೇ ಹೊರಗೆ ಹೋಗಿ ಬೀಡಿ ಸೇದಿದರು, ಕೈ ತೊಳೆದರು, ಸಣ್ಣ ಬ್ರಷ್ ತೆಗೆದುಕೊಂಡು ಬಂದರು, ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ನಡೆದರು. ಝಾಡಿಸಿ, ಝಾಡಿಸಿ, ಝಾಡಿಸಿ. ಎಲ್ಲ ಅಲಿಫ್‌ಗಳೂ ಎಲ್ಲ ಲಾಮ್‌ಗಳೂ ತಲೆ ಕಟ್ಟಿಕೊಂಡು ನಿಂತವು. ನಾನು ಅಲ್ಲೇ ಇದ್ದೆ, ದಾದಿ ಇದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ. ಈಗ ಬೋರ್ಡು ಮುಗಿಯಿತು ಎಂದಷ್ಟೇ ಅನ್ನಿಸಿತು.

ಮಧ್ಯಾಹ್ನ ಖಾದರ್ ಸಾಹೇಬರೂ ಇಮಾಮರೂ ಬಂದು ಚಾಪೆಯ ಮೇಲೆ ಕೂತರು. ಇಮಾಮರು ಉತ್ತರದ ಕಡೆಯವರು, ತೆಳ್ಳಗಿನ ಮುದುಕರು, ಕನ್ನಡ ಒಂದಕ್ಷರ ಬಾರದವರು. ಅಮ್ಮಿ ಪರದೆಯ ಹಿಂದೆ ಶ್ಯಾವಿಗೆ ಪಾಯಸದ ಬಟ್ಟಲು ಜೋಡಿಸುತ್ತಿದ್ದಳು. ನಾನು ಪರದೆಯ ಪಕ್ಕದಿಂದ ನೋಡುತ್ತಿದ್ದೆ. ಇಮಾಮರು ಗೋಡೆಯನ್ನು ಬಲದಿಂದ ಎಡಕ್ಕೆ ಓದಿದರು, ಮತ್ತೆ ಓದಿದರು. ಬಾಯಿ ತೆರೆದವರು ಖಾದರ್ ಸಾಹೇಬರು. ಮಂಡಿಪೇಟೆಯಲ್ಲಿ ದಿನವಿಡೀ ಮಾತಾಡುವವರಾದ್ದರಿಂದ ಸರಕನ್ನು ಪರೀಕ್ಷಿಸುವಾಗ ಅವರ ನಾಲಿಗೆಗೆ ಬರುತ್ತಿದ್ದದ್ದು ಕನ್ನಡವೇ.

“ಎಲ್ಲಾ ಚೊಲೋ ಐತ್ರಿ. ಆದ್ರ ಅಕ್ಷರಕ್ಕ ಕೊಂಬು ಯಾಕ ಬಂದಾವು?”

ಬೋರ್ಡ್ ಬರೆಯುವವನ ಹತ್ತಿರ ಕೊಂಬು ಎಂಬ ಮಾತು ಆಡಬಾರದಿತ್ತು. ಕನ್ನಡದಲ್ಲಿ ಕೊಂಬು ಬೇರೆ, ಅದು ಅಕ್ಷರದ ಪಕ್ಕ ಬರುತ್ತದೆ. ಅಬ್ಬಾ ಜೀವಮಾನದಲ್ಲಿ ಒಂದನ್ನು ಇನ್ನೊಂದೆಂದು ಬರೆದವರಲ್ಲ. ಯೋಚಿಸದೆ, ಸ್ವಲ್ಪ ಖಾರವಾಗಿಯೇ ತಿದ್ದಿಬಿಟ್ಟರು:

“ಕೊಂಬಲ್ರೀ ಸಾಹೇಬ್ರ, ತಲೆಕಟ್ಟು.”

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ತಿರುಗಿ ಗೋಡೆ ನೋಡಿದರು. ಅಲಿಫ್‌ನ ನೆತ್ತಿಗೂ ಒಂದು ಸಣ್ಣ ಗೀರು ಇರುತ್ತದೆ ನಿಜ, ಆದರೆ ಅದು ಬಲಕ್ಕೆ ಕೆಳಮುಖವಾಗಿ ಇಳಿಯುತ್ತದೆ, ತಲೆ ತಗ್ಗಿಸಿದ ಹಾಗೆ. ನಮ್ಮ ಗೋಡೆಯ ಮೇಲಿದ್ದವು ಮೇಲಕ್ಕೆ ಚಿಮ್ಮುತ್ತಿದ್ದ ಅಪ್ಪಟ ಕನ್ನಡದ ತಲೆಕಟ್ಟುಗಳು. ಖಾದರ್ ಸಾಹೇಬರು ನಗಬೇಕೋ ಬೇಡವೋ ತಿಳಿಯದೆ ಗಡ್ಡ ಸವರಿಕೊಂಡು, ಟೈಲ್ಸಿನವರು ಬೇಗ ಕಳಿಸುತ್ತಾರೆ ಎಂದು ಶುರು ಮಾಡಿದರು. ದಾದಿ ತಸ್ಬೀ ನಿಲ್ಲಿಸಿ, ಇವಳ ಬಿಸ್ಮಿಲ್ಲಾದ ತಟ್ಟೆಯ ಮೇಲೂ ಇದೇ ಇತ್ತಲ್ಲ, ನಾನು ಅಲಂಕಾರ ಎಂದುಕೊಂಡಿದ್ದೆ ಎಂದು ಮೆಲ್ಲಗೆ ಹೇಳಿದರು. ಅದು ಅಬ್ಬಾಗೆ ಇನ್ನೊಂದು ಏಟು.

ಇಮಾಮರು ಮಾತ್ರ, ತಲೆಕಟ್ಟು ಅಂದರೇನು ಎಂದು ಉರ್ದುವಿನಲ್ಲಿ ಕೇಳಿದರು. ಅಬ್ಬಾ ನನ್ನನ್ನು ಕರೆದರು. ನಾನು ಸ್ಲೇಟು ಬಳಪ ತಂದು ಅವರ ಮುಂದೆ ಕೂತು, ಕಾನ್ವೆಂಟಿನಲ್ಲಿ ಬೋರ್ಡಿನ ಮುಂದೆ ನಿಂತು ಹೇಳುವ ಹಾಗೆ ದೊಡ್ಡ ದನಿಯಲ್ಲಿ, ಇದು ಕ ಎಂದು, ಅಬ್ಬಾನ ಹಾಗೇ ಮೊದಲು ಮೈ ಬರೆದೆ. ಆಮೇಲೆ ಮಣಿಕಟ್ಟು ಝಾಡಿಸಿ ಮೇಲೆ ತಲೆಕಟ್ಟು ಇಟ್ಟೆ. ಇಮಾಮರು ಇನ್ನೊಂದು ಬರೆ ಎಂದರು. ತ ಬರೆದೆ. ಅವರು ಅಕ್ಷರ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದರು. ಆಮೇಲೆ ನಗಲು ಶುರು ಮಾಡಿದರು. ಅಣಕದ ನಗುವಲ್ಲ, ಕಳೆದುಹೋದ ಚಪ್ಪಲಿ ಮಂಚದ ಕೆಳಗೇ ಸಿಕ್ಕಿದಾಗ ನಗುತ್ತೇವಲ್ಲ, ಹಾಗೆ. ಅಬ್ಬಾನನ್ನು ಹತ್ತಿರ ಕರೆದು, ಮುಂದಿಟ್ಟಿದ್ದ ಚಹಾದ ಸಾಸರಿನಲ್ಲಿ ಬೆರಳದ್ದಿ, ನೆಲದ ಮೇಲೆ ಒಂದು ಅಲಿಫ್ ಎಳೆದರು. ಮೇಲೆ ಸಣ್ಣ ಗೀರು ಮೊದಲು, ಅಲ್ಲಿಂದ ಕೈ ಎತ್ತದೆ ಕೆಳಗೆ. ಅವರು ಉರ್ದುವಿನಲ್ಲಿ ಹೇಳಿದ್ದು ಇಷ್ಟು:

“ಮಿಯಾ, ನಿಮ್ಮ ಭಾಷೆಯಲ್ಲಿ ತಲೆ ಕೊನೆಗೆ ಬರುತ್ತದೆ. ಇಲ್ಲಿ ತಲೆಯಿಂದಲೇ ಶುರು. ಮೊದಲೇ ಇಟ್ಟುಬಿಟ್ಟರೆ ಕೊನೆಗೆ ಇಡಲು ಏನೂ ಉಳಿಯುವುದಿಲ್ಲ.”

ಖಾದರ್ ಸಾಹೇಬರ ಕಡೆ ತಿರುಗಿ, ಓದಿಗೇನೂ ತಪ್ಪಾಗಿಲ್ಲ, ಕೈಯೂ ಒಳ್ಳೆಯದಿದೆ, ಆದರೆ ಮಸೀದಿಯ ಗೋಡೆ ಮಕ್ಕಳು ನೋಡಿ ಕಲಿಯುವ ಗೋಡೆ, ಅಲ್ಲಿ ಸರಿಯಾದದ್ದೇ ಇರಬೇಕು, ಬರುವ ಶುಕ್ರವಾರದ ತನಕ ಟೈಲ್ಸಿನವರಿಗೆ ಕಾಗದ ಬರೆಯಬೇಡಿ ಎಂದರು. ಶ್ಯಾವಿಗೆಯನ್ನು ಎರಡು ಬಟ್ಟಲು ತಿಂದರು.

ಅಬ್ಬಾ ಅವತ್ತು ಸಂಜೆಯೇ ಮರಳು ಕಾಗದ ಹಿಡಿದು ಗೋಡೆಯ ಮೇಲಿನ ತಲೆಕಟ್ಟುಗಳನ್ನು ಉಜ್ಜಲು ಸ್ಟೂಲು ಹತ್ತಿದರು. ಅಮ್ಮಿ ಅಡುಗೆಮನೆಯಿಂದ ಬಂದು ಸ್ಟೂಲಿನ ಕಾಲು ಹಿಡಿದುಕೊಂಡಳು. ಅಲುಗದಿರಲಿ ಎಂದು ಹಿಡಿದಳೆಂದು ನಾನು ತಿಳಿದೆ. ಇಳಿಯಿರಿ ಎಂದು ಹಿಡಿದಿದ್ದಳು. ಮಸೀದಿಯಲ್ಲಿ ಹಜ್ರತರು ಹೇಳಿದ ಹಾಗೆ ಬರೆಯಿರಿ, ನನ್ನ ಮನೆಯ ಗೋಡೆ ಮುಟ್ಟಬೇಡಿ ಎಂದಳು. ತಪ್ಪು ತಪ್ಪೇ ಎಂದು ಅಬ್ಬಾ. ಅಮ್ಮಿ ಜಗಳದ ಭಾಷೆಗೆ ಬಂದಳು.

“ಅಲ್ಲಾಹ್‌ಗೆ ಕನ್ನಡ ಬರದಿಲ್ಲ ಅಂತ ನಿಮಗೆ ಯಾರು ಹೇಳಿದ್ರು? ನಾನು ಇಷ್ಟು ವರ್ಷದಿಂದ ಕನ್ನಡದಲ್ಲೇ ಬೇಡ್ಕಂತಾ ಇದೀನಿ.”

ಏನಂದಳು ಎಂದು ದಾದಿ ಕೇಳಿದರು. ಈ ಸಲ ನಾನು ಒಂದು ಮಾತೂ ಬಿಡದೆ ಹೇಳಿದೆ. ದಾದಿ ತಸ್ಬೀ ಪಕ್ಕಕ್ಕಿಟ್ಟು, ಇಳಿ ಬೇಟಾ, ಊಟ ಮಾಡು ಎಂದರು. ಆ ಮನೆಯಲ್ಲಿ ಅತ್ತೆ ಸೊಸೆ ಒಂದೇ ಪಾರ್ಟಿಯಾದದ್ದನ್ನು ನಾನು ಮೊದಲು ನೋಡಿದ್ದು ಅಂದು. ರಾತ್ರಿಯ ಊಟಕ್ಕೆ ವಾರದ ಮೇಲೆ ಒಗ್ಗರಣೆ ಬಿತ್ತು. ಬೆಳ್ಳುಳ್ಳಿಯ ಆ ಪರಿಮಳಕ್ಕೆ ಸಮನಾದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ, ಐ ಕ್ಯಾನ್ ಸ್ವೇರ್.

ಕೈಗೆ ಹೊಸ ಅಭ್ಯಾಸ ಹಿಡಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಆ ಮಣಿಕಟ್ಟು ನಮಗೆಲ್ಲ ಅನ್ನ ಹಾಕಿದ ಮಣಿಕಟ್ಟು. ನನ್ನ ಸ್ಲೇಟಿನ ಮೇಲೆ, ಸಿಮೆಂಟು ಚೀಲದ ಕಾಗದದ ಮೇಲೆ, ಜಗಲಿಯ ನೆಲದ ಮೇಲೆ ನೀರಿನಲ್ಲಿ, ಅಬ್ಬಾ ಅಲಿಫ್ ಬರೆಯುತ್ತಲೇ ಇದ್ದರು. ತಲೆ ಮೊದಲು ಇಟ್ಟು ಕೆಳಗಿಳಿದು, ಎಲ್ಲಾ ಸರಿಯಾಗಿ ಮುಗಿದ ಮೇಲೂ ಕೈ ತಾನಾಗಿ ಮೇಲೆ ಹೋಗುತ್ತಿತ್ತು. ನಾನು ಎದುರು ಕೂತು ‘ಅಬ್ಬಾ, ತಲೆ’ ಎನ್ನುತ್ತಿದ್ದೆ, ಅವರು ಕೈ ಹಿಂದಕ್ಕೆಳೆದುಕೊಂಡು ನಗುತ್ತಿದ್ದರು. ಗಿರಣಿಯ ಬೋರ್ಡಿನ ತಗಾದೆಗೆ ಬಂದ ಯಜಮಾನರು, ಮಗಳು ತಂದೆಗೆ ಅಕ್ಷರ ಕಲಿಸುವುದನ್ನು ನೋಡಿ, ಏನ್ರೀ ಪೇಂಟರ್ರೇ, ಮತ್ತೆ ಒಂದನೇ ಕ್ಲಾಸಿಗೆ ಸೇರಿದ್ರಾ ಎಂದು ನಕ್ಕು ಹೋದರು. ವಾರ ಮುಗಿಯುವ ಹೊತ್ತಿಗೆ ಇಮಾಮರು ಒಂದು ಸಿಮೆಂಟು ಕಾಗದ ನೋಡಿ ತಲೆಯಾಡಿಸಿದರು. ಖಾದರ್ ಸಾಹೇಬರು ಏಣಿ ಕಳಿಸಿಕೊಟ್ಟರು.

ಕಮಾನು ಬರೆಯುವಾಗ ನಾನು ಮಸೀದಿಯ ಬಾಗಿಲ ಹತ್ತಿರ ನಿಂತು ನೋಡಿದೆ. ಅಬ್ಬಾ ವುಜೂ ಮಾಡಿ, ಬಿಳಿ ಜುಬ್ಬದ ತೋಳು ಮಡಚಿ, ಏಣಿಯ ಮೇಲೆ ಬಲದಿಂದ ಎಡಕ್ಕೆ ಬಂದರು. ಅಂಗಡಿಯ ಬೋರ್ಡು ಬರೆಯುವಾಗ ಹಾಡು ಗುನುಗುವವರು ಅವತ್ತು ಉಸಿರನ್ನೂ ಅಳೆದು ಬಿಡುತ್ತಿದ್ದರು. ಪ್ರತಿ ಅಲಿಫ್‌ಗೂ ಮೊದಲು ತಲೆ, ತಗ್ಗಿದ ತಲೆ. ಆಮೇಲೆ ನಿಧಾನವಾಗಿ ಮೈ. ಕೊನೆಯ ಮೀಮ್‌ನ ಬಾಲ ಮುಗಿಯಿತು. ಇಮಾಮರು ಕೆಳಗಿನಿಂದ ಓದಿದರು, ದನಿ ಎತ್ತಿ. ಖಾದರ್ ಸಾಹೇಬರು ತಮ್ಮ ಹೆಗಲ ವಸ್ತ್ರದಿಂದ, ಏಣಿ ಇಳಿದ ಅಬ್ಬಾನ ಹಣೆಯ ಬೆವರು ಒರೆಸಿದರು. ಅಬ್ಬಾ ಬ್ರಷ್ ತೊಳೆದು, ಹೊರಗೆ ಬಂದು ನನ್ನ ಪಕ್ಕ ನಿಂತರು. ಏನೋ ಉಳಿದಿದೆ ಎನ್ನುವ ಹಾಗೆ ಬೆರಳು ಚಡಪಡಿಸುತ್ತಿದ್ದವು. ಆಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಖಾಲಿ ಕೈಯನ್ನು ಗಾಳಿಯಲ್ಲಿ ಝಾಡಿಸಿದರು. ಒಂದು, ಇನ್ನೊಂದು, ಮತ್ತೊಂದು, ಅಷ್ಟೂ ಅಲಿಫ್‌ಗಳಿಗೆ, ಅಷ್ಟೂ ಲಾಮ್‌ಗಳಿಗೆ. ನನ್ನನ್ನು ನೋಡಿ ಕಣ್ಣು ಮಿಟುಕಿಸಿ, ನಡಿ ಮನೆಗೆ ಎಂದರು.

ಆ ಕಮಾನಿನ ಬರಹ ತುಂಬಾ ವರ್ಷ ಇತ್ತು. ನಮ್ಮ ಮನೆಯ ಗೋಡೆಯದೂ ಇತ್ತು. ಅಮ್ಮಿ ಪ್ರತಿ ರಂಜಾನಿಗೆ ಸುತ್ತಲೂ ಸುಣ್ಣ ಹೊಡೆಸಿ ಅದನ್ನು ಮಾತ್ರ ಹಾಗೇ ಬಿಡಿಸುತ್ತಿದ್ದಳು. ಅದರ ಕೆಳಗೆ ನಾವು ಉಂಡೆವು, ಜಗಳವಾಡಿದೆವು. ನನ್ನ ಬೆರಳಿಗೆ ಉಂಗುರ ತೊಡಿಸಿದ್ದೂ ಅದರ ಕೆಳಗೇ. ಸೊರಬಕ್ಕೆ ಬಂದು, ಮಕ್ಕಳನ್ನು ಬೆಳೆಸಿ, ಸ್ಕೂಲಿನಲ್ಲಿ ಇಂಗ್ಲೀಷ್ ಪಾಠ ಹೇಳಿ, ರಿಟೈರ್ ಆಗಿ, ಇಷ್ಟು ವರ್ಷಗಳ ಮೇಲೆ ಮೊದಲ ಸಲ ಕ್ಯಾನ್ವಾಸಿನ ಮುಂದೆ ಕೂತಾಗ ನನ್ನ ಕೈ ಬರೆದದ್ದು ಆ ಗೋಡೆಯನ್ನೇ. ಆ ತಟ್ಟೆಯಿಂದ ಕುಡಿದದ್ದು ಹೊರಗೆ ಬರಲೇಬೇಕಲ್ಲ.

ಹೀನಾಗೆ ಇದೆಲ್ಲ ಹೇಳಲಿಲ್ಲ. ಅವಳು ಹೇಳಿದ್ದು ಸರಿಯೇ. ಇಮಾಮರು ಹೇಳಿದ್ದೇ ಅವಳೂ ಹೇಳಿದಳು. ಮಸೀದಿಯ ಕೋಣೆಗೆ ಹೊಸ ಕ್ಯಾನ್ವಾಸ್ ಹಿಡಿದೆ. ಡ್ಯಾಮಿನ ನೀರಿನ ಬಣ್ಣ ಮತ್ತೆ ಹಾಕಿದೆ, ಒಣಗಲು ಬಿಟ್ಟೆ, ಮೊನ್ನೆ ಶನಿವಾರ ಅವಳ ಎದುರೇ ಅಕ್ಷರ ಬರೆದೆ. ತಲೆ ಮೊದಲು, ಮೈ ಆಮೇಲೆ. ತಲೆಕಟ್ಟಿನ ಹಳೆಯ ಕ್ಯಾನ್ವಾಸ್ ಡೈನಿಂಗ್ ಟೇಬಲ್ಲಿನ ಮೇಲಿನ ಗೋಡೆಗೆ ಏರಿದೆ, ಒಗ್ಗರಣೆಯ ಹೊಗೆ ತಾಗುವ ಕಡೆಯೇ. ಕೊನೆಯ ಮೀಮ್ ಮುಗಿಸಿ ಬ್ರಷ್ಷನ್ನು ನೀರಿನ ಲೋಟದಲ್ಲಿಟ್ಟಾಗ ಫೋನಿನೊಳಗಿಂದ ಹೀನಾ ‘ಪರ್ಫೆಕ್ಟ್, ಆಂಟಿ, ಮಾಷಾಅಲ್ಲಾಹ್’ ಎಂದಳು. ಕ್ಲಾಸ್ ಮುಗಿಯಿತು ಎಂದುಕೊಂಡು ನಾನು ಕನ್ನಡಕ ತೆಗೆದೆ. ಅವಳು ಇನ್ನೂ ಹೋಗಿರಲಿಲ್ಲ.

“ಆಂಟಿ, ಕೈ ಯಾಕೆ ಹಾಗೆ ಝಾಡಿಸ್ತಿದ್ದೀರಿ? ನೋವಿದೆಯಾ?”

“ಇಲ್ಲಮ್ಮ,” ಅಂದೆ. “ಇನ್ನೊಂದಿಷ್ಟು ಬಾಕಿ ಇತ್ತು.”